ವಾಂತಿ ಆಗಲಿಲ್ಲವೆಂದರೆ ತೊಂದರೆಯೇ ಇರಲಿಲ್ಲವೆಂದು ಬರೆಯಬಹುದೇ?

ಪ್ರಶ್ನೆ (ಡೇ ಕೇರ್ ವಿಭಾಗದ ಶುಶ್ರೂಷಕಿ)

ಬೆಳಿಗ್ಗೆ ಲ್ಯಾಪರೋಸ್ಕೋಪಿ ಮಾಡಿಸಿಕೊಂಡು ಸಂಜೆಗೇ ಮನೆಗೆ ಮರಳುವ ರೋಗಿಗಳ ಚಾರ್ಟಿನಲ್ಲಿ ‘ವಾಂತಿ: ಇದೆ/ಇಲ್ಲ’ ಎಂಬ ಒಂದೇ ಕಲಮನ್ನು ನಾವು ತುಂಬುತ್ತೇವೆ. ‘ಇಲ್ಲ’ ಎಂದು ಬರೆದು ನಾನೇ ಕಳುಹಿಸಿಕೊಟ್ಟ ಒಬ್ಬ ಮಹಿಳೆ ಮರುದಿನ ಫೋನ್ ಮಾಡಿ, ಕಾರು ಹತ್ತಿದಾಗಿನಿಂದ ಹೊಟ್ಟೆ ತೊಳಸುತ್ತಲೇ ಇದೆಯೆಂದೂ ಗಂಜಿಯೂ ಸೇರುತ್ತಿಲ್ಲವೆಂದೂ ತಿಳಿಸಿದರು. ಇದನ್ನು ಅಳೆಯುವ ಸರಿಯಾದ ಕ್ರಮ ಯಾವುದು? ಅಪ್ಫೆಲ್ ಅಂಕ ಸಾಲದೇ?

ಉತ್ತರ (ಅರಿವಳಿಕೆ ತಜ್ಞ)

ಸಾಲದು. ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಹಿಂದೆ ಶಸ್ತ್ರಕ್ರಿಯೆಯ ನಂತರ ವಾಂತಿಯಾಗಿರುವುದು ಅಥವಾ ಪ್ರಯಾಣದಲ್ಲಿ ವಾಕರಿಕೆ ಬರುವುದು, ಶಸ್ತ್ರಕ್ರಿಯೆಯ ಬಳಿಕ ಓಪಿಯಾಯ್ಡ್ (ಮಾರ್ಫಿನ್‌ನಂಥ ನೋವುನಿವಾರಕ) ಕೊಡುವುದು ಎಂಬ ನಾಲ್ಕು ಅಂಶಗಳ ಆ ಅಂಕ ಮುಂದೇನಾಗಬಹುದೆಂದು ಊಹಿಸುತ್ತದೆಯೇ ಹೊರತು ಆದದ್ದನ್ನು ಅಳೆಯುವುದಿಲ್ಲ.

ವಾಂತಿಯನ್ನು ನೀವು ನೋಡಿ ಎಣಿಸಬಹುದು, ಆದರೆ ಹೊಟ್ಟೆ ತೊಳಸುವುದು ರೋಗಿ ಬಾಯಿಬಿಟ್ಟು ಹೇಳಿದರೆ ಮಾತ್ರ ತಿಳಿಯುತ್ತದೆ. ಚೇತರಿಕೆ ಕೊಠಡಿಯಲ್ಲಿ ಅದನ್ನು 0ಯಿಂದ 10ರವರೆಗಿನ ಅಂಕದಲ್ಲಿ ಕೇಳಿ, ಬೇರೆಯೇ ಕಲಮಿನಲ್ಲಿ ಬರೆಯಿರಿ. ಮನೆಗೆ ಹೋದವರಿಗೆ ಮೈಲ್ಸ್ ಮತ್ತು ವೆಂಗ್ರಿಟ್ಸ್ಕಿ 2012ರಲ್ಲಿ ಪ್ರಕಟಿಸಿದ ಸರಳ ಮಾಪಕವೇ ಅನುಕೂಲವೆಂದು ನನ್ನ ಅಭಿಪ್ರಾಯ. ಅದರಲ್ಲಿರುವುದು ಎರಡೇ ಪ್ರಶ್ನೆ: ಎಷ್ಟು ಸಲ ವಾಂತಿಯಾಯಿತು, ಮತ್ತು ವಾಕರಿಕೆಯಿಂದ ಏಳುವುದು, ನಡೆಯುವುದು, ಉಣ್ಣುವುದಕ್ಕೆ ಎಷ್ಟರಮಟ್ಟಿಗೆ ಅಡ್ಡಿಯಾಯಿತು. ಒಂದೊಂದಕ್ಕೂ 0ಯಿಂದ 3 ಅಂಕವಿದ್ದು, ಒಟ್ಟು 5 ಅಥವಾ ಹೆಚ್ಚಾದರೆ ಗಂಭೀರವೆಂದು ಪರಿಗಣಿಸಬೇಕು. ಐದು ನಿಮಿಷದೊಳಗೆ ಮೂರು ಬಾರಿ ವಾಂತಿ ಬಂದರೂ ಅದು ಒಂದೇ ಸಲವೆಂಬುದನ್ನು ಮರೆಯಬೇಡಿ.

ವಾಂತಿ ತಡೆಯಲೆಂದು ಥಿಯೇಟರಿನಲ್ಲಿ ಕೊಟ್ಟ ಒಂಡಾನ್ಸೆಟ್ರಾನ್‌ನ ಅರ್ಧಾಯುಷ್ಯ (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುವ ಅವಧಿ) ಮೂರು ನಾಲ್ಕು ಗಂಟೆಯಷ್ಟೇ ಆದ್ದರಿಂದ, ಅದರ ಪ್ರಭಾವ ಇಳಿಯುವ ಹೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ. 2012ರಲ್ಲೇ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅದೇ ದಿನ ಮನೆಗೆ ಹೋದ 2,170 ಜನರಲ್ಲಿ ಶೇ. 37ರಷ್ಟು ಮಂದಿಗೆ 48 ಗಂಟೆಗಳೊಳಗೆ ವಾಕರಿಕೆಯೋ ವಾಂತಿಯೋ ಕಂಡುಬಂದಿತ್ತು. ಹಾಗಾಗಿ ಎರಡು ದಿನ ಕೇಳುವುದು ಒಳ್ಳೆಯದು.

ಉತ್ತರ (ಇನ್ನೊಬ್ಬ ಶುಶ್ರೂಷಕಿ)

ಪ್ರಶ್ನೆಯ ಪದಗಳಲ್ಲೇ ತೊಡಕಿದೆ. ‘ವಾಕರಿಕೆ’ ಎಂದರೆ ಕೆಲವರು ಹೊಟ್ಟೆ ತೊಳಸುವುದೆಂದು, ಇನ್ನು ಕೆಲವರು ಏನೂ ಹೊರಬರದ ಬರಿ ಓಕರಿಕೆಯೆಂದು ತಿಳಿಯುತ್ತಾರೆ. ಮೇಲಿನ ಮಾಪಕದಲ್ಲಿ ಬರಿ ಓಕರಿಕೆಯೂ ವಾಂತಿಯ ಲೆಕ್ಕಕ್ಕೇ ಸೇರುವುದರಿಂದ ನಾನು ಎರಡನ್ನೂ ಬಿಡಿಸಿ ಕೇಳುತ್ತೇನೆ. ‘ಉಪವಾಸವಿದ್ದೆನಲ್ಲ, ಪಿತ್ತವಾಗಿದೆ ಅಷ್ಟೇ’ ಎಂದು ತಳ್ಳಿಹಾಕುವವರನ್ನಂತೂ ಊಟ ಸೇರಿತೇ ಎಂದು ಕೇಳದೆ ಬಿಡುವಂತಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ನಾವು ಫೋನ್ ಮಾಡಿದಾಗ ಎತ್ತಿಕೊಳ್ಳುವವರು ಬಹುಪಾಲು ಗಂಡನೋ ಮಗನೋ ಆಗಿದ್ದು, ‘ಆರಾಮಾಗಿದ್ದಾರೆ’ ಎಂದುಬಿಡುತ್ತಾರೆ. ಅದನ್ನೇ 0 ಎಂದು ಬರೆಯಬಹುದೇ?

ಉತ್ತರ (ಅರಿವಳಿಕೆ ತಜ್ಞ)

ಬೇಡ. ಫೋನನ್ನು ರೋಗಿಯ ಕೈಗೆ ಕೊಡಿಸಿ ಕೇಳಿ. ಅವರು ಸಿಗದಿದ್ದರೆ ಕಲಮನ್ನು ಖಾಲಿ ಬಿಡಿ.