‘ಹಾರಾಟದ ಅವಧಿ’ ಅನ್ನಬೇಕಾ, ‘ಗಂಟೆಯ ದಾರಿ’ ಅಂದರೆ ಸಾಲದಾ?

ನಮಸ್ಕಾರ. ತಮ್ಮ ದುಬೈಯಲ್ಲಿದ್ದಾನೆ. ಮೊನ್ನೆ ಅಮ್ಮನ ಟಿಕೆಟ್ ಪ್ರಿಂಟ್ ತೆಗೆದು ಉಡುಪಿಯ ಮನೆಗೆ ತಂದೆ. ಅಮ್ಮ ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಹೋಗುವಾಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ 10ಕ್ಕೆ ಹೊರಟು 12ಕ್ಕೆ ದುಬೈ. ಬರುವಾಗ ಅಲ್ಲಿಂದ 1ಕ್ಕೆ ಹೊರಟರೆ ಇಲ್ಲಿ 6 ಗಂಟೆ.

“ಹೋಗ್ಲಿಕ್ಕೆ ಎರಡೇ ಗಂಟೆ, ಬರ್ಲಿಕ್ಕೆ ಐದು ಗಂಟೆಯಾ? ಬರುವ ದಾರಿ ಬೇರೆಯಾ ಮಗಾ?”

ದಾರಿ ಅದೇ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಲೆಕ್ಕ ಹಾಕಿದರೆ ಎರಡೂ ಕಡೆಗೆ ಮೂರೂವರೆ ಗಂಟೆಯೇ. ಚಳಿಗಾಲದಲ್ಲಂತೂ ಮೇಲಿನ ಪಡುಗಾಳಿ ಹಿಂದಿನಿಂದ ದೂಡುವುದರಿಂದ ಬರುವಾಗಲೇ ಸ್ವಲ್ಪ ಬೇಗ ತಲುಪುತ್ತದೆ.

ಇದನ್ನು ಹೇಳಲು ಹೊರಟಾಗ ನನ್ನ ಬಾಯಿಗೆ ಬಂದದ್ದು ‘ಹಾರಾಟದ ಅವಧಿ’. ಅಮ್ಮನಿಗೆ ಅದು ಹಿಡಿಸಲಿಲ್ಲ. ನಮ್ಮ ಮಾತಿನಲ್ಲಿ ‘ಅವನ ಹಾರಾಟ ನೋಡು’ ಅಂದರೆ ಜಂಬ, ರಂಪ ಅಂತಲೇ ಅರ್ಥ ಅಲ್ವಾ? ‘ದುಬೈ ಮೂರೂವರೆ ಗಂಟೆಯ ದಾರಿ’ ಅಂದೆ. ಕೂಡಲೇ ಅರ್ಥವಾಯಿತು. ‘ಹತ್ತು ನಿಮಿಷದ ದಾರಿ’, ‘ಅರ್ಧ ದಿನದ ದಾರಿ’ ಅಂತ ನಾವು ದೂರವನ್ನು ಹೊತ್ತಿನಿಂದ ಅಳೆಯುತ್ತಲೇ ಬಂದಿದ್ದೇವೆ. ಆಕಾಶಕ್ಕೂ ಆ ಮಾತು ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಖಾತ್ರಿಯಾಯಿತು.

ಇನ್ನು ದೂರದ ಮಾತು. ಹರದಾರಿ ಅಂದರೆ ಸುಮಾರು ಮೂರು ಮೈಲಿ, ಗಾವುದ ಅಂದರೆ ಹನ್ನೆರಡು. ಎರಡೂ ನೆಲದ ಮೇಲೆ ನಡೆದವರ ಅಳತೆ. ಶಿರಾಡಿ ಘಾಟಿಯ ತಿರುವುಗಳನ್ನು ಸುತ್ತಿ ಹೋದರೆ ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ನೇರ ಗೆರೆ ಎಳೆದರೆ ಸುಮಾರು 300. ದುಬೈಗೆ ಆ ಗೆರೆ ಸುಮಾರು 2,450 ಕಿ.ಮೀ. ಭೂಮಿ ಉರುಟಾಗಿರುವುದರಿಂದ ಅದು ಮಹಾವೃತ್ತದ (ಭೂಮಿಯನ್ನು ಸರಿಯಾಗಿ ಎರಡು ಪಾಲು ಮಾಡುವ ಸುತ್ತುಗೆರೆಯ) ತುಂಡು, ನಕಾಶೆಯಲ್ಲಿ ಎಳೆದರೆ ತುಸು ಬಾಗಿರುತ್ತದೆ. ಈ ಅಳತೆಗೆ ‘ವೈಮಾನಿಕ ದೂರ’ ಅಂತ ಬರೆಯುತ್ತಾರೆ. ನನಗೆ ಆ ಪದ ಭಾರ ಅನಿಸುತ್ತದೆ. ‘ಹಾರುದೂರ’ ಅನ್ನಬಹುದಲ್ವಾ? ‘ಹಾರುಬೂದಿ’ (ಕಲ್ಲಿದ್ದಲು ಉರಿಸಿದಾಗ ಹೊಗೆಯೊಂದಿಗೆ ಹಾರುವ ನುಣ್ಣನೆ ಬೂದಿ) ಅಂದರೆ ನಮ್ಮ ಉಡುಪಿ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದೂ ಅದೇ ಅಚ್ಚಿನ ಪದ.

ನಾನು ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. ಟಿಕೆಟಿನ ಮೂರೂವರೆ ಗಂಟೆಯಲ್ಲಿ ವಿಮಾನ ನೆಲದ ಮೇಲೆ ಉರುಳುವ ಹೊತ್ತೂ ಸೇರಿದೆ. ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ಬಂದು ನಿಲ್ಲುವವರೆಗಿನ ಲೆಕ್ಕ ಅದು. ಗಾಲಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ಹೊತ್ತು ಅದಕ್ಕಿಂತ ಕಡಿಮೆ. ಎರಡಕ್ಕೂ ಸುಮ್ನೆ ‘ಪ್ರಯಾಣದ ಸಮಯ’ ಅಂದುಬಿಡುತ್ತೇವೆ. ಮೊದಲನೆಯದಕ್ಕೆ ಆ ಮಾತು ಸಾಕು. ಎರಡನೆಯದಕ್ಕೆ ‘ಬಾನಹೊತ್ತು’ ಅಂತ ಬರೆದು ನೋಡಿದೆ, ಕವಿತೆಯ ಪದದಂತೆ ಕಂಡಿತು, ಅಳಿಸಿದೆ.

ಇಂಥದೇ ಎರಡು ಹೊತ್ತು ಕಡಲಿಗೆ ಹೋಗುವವರಿಗೂ ಇದೆ. ಮಲ್ಪೆಯಲ್ಲಿ ಮೀನು ಹಿಡಿಯಲು ಬೋಟಿಗೆ ಹೋಗುವವರು ಧಕ್ಕೆ (ಬೋಟು ನಿಲ್ಲುವ ಕಟ್ಟೆ) ಬಿಟ್ಟು ಮತ್ತೆ ಧಕ್ಕೆ ಮುಟ್ಟುವವರೆಗಿನ ಹೊತ್ತಿಗೂ, ಕಡಲಲ್ಲಿ ಬಲೆ ಹಾಕಿರುವ ಹೊತ್ತಿಗೂ ಬೇರೆ ಬೇರೆ ಮಾತು ಬಳಸುತ್ತಾರಾ? ಕನ್ನಡವಾಗಲಿ, ತುಳುವಾಗಲಿ, ಮೊಗವೀರರ ಮನೆಮಾತಾಗಲಿ, ಗೊತ್ತಿದ್ದವರು ದಯವಿಟ್ಟು ತಿಳಿಸಿ.