ಬಫರಿನಲ್ಲಿ ಕೊಲ್ಲುವ ಎಂಡೋಲೈಸಿನ್ ಸಮುದ್ರದ ನೀರಿನಲ್ಲಿ ಸುಮ್ಮನಾಗುವುದು ಯಾಕೆ?

ಪ್ರಶ್ನೆ (ಉಡುಪಿ, ಬಯೋಟೆಕ್ ಎಂ.ಎಸ್ಸಿ. ಪ್ರಾಜೆಕ್ಟ್): ನಮಸ್ಕಾರ ಸರ್. ಸಿಗಡಿ ಹ್ಯಾಚರಿಯಲ್ಲಿ ಕಾಡುವ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಬ್ಯಾಕ್ಟೀರಿಯಾದ ಮೇಲೆ ಒಂದು ಫೇಜ್ ಎಂಡೋಲೈಸಿನ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಿನ, ಕೋಶಗೋಡೆ ಒಡೆಯುವ ಕಿಣ್ವ) ಪರೀಕ್ಷೆ ಮಾಡ್ತಾ ಇದ್ದೇವೆ. ಹೊರಪೊರೆ ದಾಟಲಿ ಅಂತ ಅದಕ್ಕೆ 8 ಲೈಸಿನ್‌ಗಳ (ಪಾಸಿಟಿವ್ ಚಾರ್ಜಿನ ಅಮೈನೋ ಆಮ್ಲ) ಬಾಲ ಜೋಡಿಸಿದ್ದೇವೆ. 20 ಮಿಲಿಮೋಲಾರ್ ಹೆಪೆಸ್‌ನಲ್ಲಿ (ಪಿಎಚ್ 7.4ರ ಬಫರ್) ಒಂದು ಗಂಟೆಗೆ 4 ಲಾಗ್ (ಹತ್ತು ಸಾವಿರ ಪಟ್ಟು) ಇಳಿಕೆ ಸಿಗ್ತದೆ. ಮಲ್ಪೆಯಿಂದ ತಂದ ಸಮುದ್ರದ ನೀರಿನಲ್ಲಿ ಮಾತ್ರ ಸೊನ್ನೆ. ಉಪ್ಪಿನಲ್ಲೇ ಬದುಕುವ ಜೀವಿಗಳ ಪ್ರೋಟೀನಿನ ಹಾಗೆ ಮೇಲ್ಮೈಯಲ್ಲಿ ಆಸ್ಪಾರ್ಟೇಟ್, ಗ್ಲುಟಮೇಟ್ (ನೆಗೆಟಿವ್ ಚಾರ್ಜಿನ ಅಮೈನೋ ಆಮ್ಲಗಳು) ಹೆಚ್ಚು ಮಾಡಿ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಉತ್ತರ: ಇಡೀ ಮೇಲ್ಮೈಗೆ ಮಾಡಬೇಡಿ. ಉಪ್ಪಿನ ಜೀವಿಗಳ ಪ್ರೋಟೀನಿಗೆ ಅಷ್ಟೊಂದು ನೆಗೆಟಿವ್ ಚಾರ್ಜ್ ಇರುವುದು ಉಪ್ಪಿನ ನಡುವೆ ಗಂಟುಗಟ್ಟದೆ ಕರಗಿ ಉಳಿಯಲಿಕ್ಕೆ. ನಿಮ್ಮ ಪ್ರೋಟೀನ್ ಉಳಿದರೆ ಸಾಲದು, ವಿಬ್ರಿಯೊದ ಹೊರಪೊರೆಗೆ ಹೋಗಿ ಅಂಟಬೇಕು. ಆ ಪೊರೆಯೂ ನೆಗೆಟಿವ್. ಎರಡೂ ನೆಗೆಟಿವ್ ಆದರೆ ಪ್ರೋಟೀನ್ ಗಟ್ಟಿಯಾಗಿ ಇದ್ದೀತು, ಕೊಲ್ಲಲಿಕ್ಕಿಲ್ಲ.

ಅದಕ್ಕಿಂತ ಮೊದಲು ನಿಮ್ಮ 4 ಲಾಗ್ ಮೇಲೆಯೇ ನನಗೆ ಸಂಶಯ. 20 ಮಿಲಿಮೋಲಾರ್ ಹೆಪೆಸ್ ಅಂದರೆ ವಿಬ್ರಿಯೊದ ಲೆಕ್ಕಕ್ಕೆ ಸಿಹಿನೀರು. ಸೋಡಿಯಂ ಇಲ್ಲದ ತೆಳು ನೀರಿಗೆ ಬಿದ್ದರೆ ಅದು ತಾನಾಗಿಯೇ ಉಬ್ಬಿ ಒಡೆಯುತ್ತದೆ. ಪ್ರೋಟೀನ್ ಹಾಕದ ಅದೇ ಬಫರಿನಲ್ಲಿ ಒಂದು ಗಂಟೆ ಇಟ್ಟ ಕಂಟ್ರೋಲ್ ಉಂಟಾ? ಶುರುವಿನ ಎಣಿಕೆಗೆ ಮಾತ್ರ ಹೋಲಿಸಿದ್ದರೆ ಕೊಂದದ್ದು ನೀರೋ ಎಂಡೋಲೈಸಿನ್ನೋ ಗೊತ್ತಾಗುವುದಿಲ್ಲ. ಸೀರಿಯಲ್ ಡೈಲ್ಯೂಷನ್‌ಗೂ ಡಿಸ್ಟಿಲ್ಡ್ ವಾಟರ್ ಬೇಡ, 2% ಉಪ್ಪಿನ ಪೆಪ್ಟೋನ್ ನೀರು ಬಳಸಿ. ಟಿಸಿಬಿಎಸ್ (ವಿಬ್ರಿಯೊವನ್ನೇ ಆರಿಸಿ ಬೆಳೆಸುವ ಅಗರ್) ಪ್ಲೇಟಿನಲ್ಲಿ ಪೆಟ್ಟು ತಿಂದ ಕೋಶಗಳು ಸರಿಯಾಗಿ ಏಳುವುದಿಲ್ಲ, ಹಾಗಾಗಿ ಸತ್ತವು ಜಾಸ್ತಿ ಅಂತ ಕಾಣ್ತದೆ. ಜೊತೆಗೆ 2% ಉಪ್ಪು ಹಾಕಿದ ಸಾಮಾನ್ಯ ಅಗರ್ ಪ್ಲೇಟನ್ನೂ ಎಣಿಸಿ.

ಇನ್ನು ಸಮುದ್ರದ ನೀರಿನಲ್ಲಿ ಸೋಲು ಎಲ್ಲಿ ಅಂತ ಬೇರೆ ಬೇರೆ ಮಾಡಿ ನೋಡಬೇಕು. ಮೂರು ಸಾಧ್ಯತೆ ಉಂಟು: ಪ್ರೋಟೀನಿನ ಮಡಿಕೆಯೇ ಬಿಚ್ಚಿಹೋಗುವುದು, ಮಡಿಕೆ ಸರಿ ಇದ್ದೂ ಕಿಣ್ವ ಕೆಲಸ ಮಾಡದಿರುವುದು, ಅಥವಾ ಎಲ್ಲ ಸರಿ ಇದ್ದೂ ಹೊರಪೊರೆ ದಾಟಲಾಗದಿರುವುದು.

ಮೊದಲನೆಯದಕ್ಕೆ ಸೈಪ್ರೋ ಆರೆಂಜ್ (ಮಡಿಕೆ ಬಿಚ್ಚಿದ ಪ್ರೋಟೀನಿಗೆ ಅಂಟಿ ಹೊಳೆಯುವ ಡೈ) ಸಾಕು. ಮಿ.ಲೀ.ಗೆ 0.1ರಿಂದ 0.2 ಮಿ.ಗ್ರಾಂ ಪ್ರೋಟೀನ್, 5 ಎಕ್ಸ್ ಡೈ, ಆರ್‌ಟಿ-ಪಿಸಿಆರ್ ಮೆಷಿನ್‌ನಲ್ಲಿ 25ರಿಂದ 95 ಡಿಗ್ರಿವರೆಗೆ ನಿಮಿಷಕ್ಕೆ 1 ಡಿಗ್ರಿ. ಉಪ್ಪಿಲ್ಲದೆ ಒಮ್ಮೆ, 0.5 ಮೋಲಾರ್ ಉಪ್ಪಿನಲ್ಲಿ ಒಮ್ಮೆ. ಕರಗುವ ಉಷ್ಣತೆ ಹೆಚ್ಚು ಕದಲದಿದ್ದರೆ ಮಡಿಕೆಯ ಚಿಂತೆ ಬಿಡಿ.

ಎರಡನೆಯದಕ್ಕೆ ಹೊರಪೊರೆ ಕಿತ್ತ ಕೋಶ ಬೇಕು. 600 ನ್ಯಾನೋಮೀಟರ್‌ನಲ್ಲಿ ಒಡಿ (ಮಬ್ಬಿನ ಅಳತೆ) 0.6 ಆದ ಇ. ಕೋಲೈ ಕೋಶಗಳನ್ನು ಕ್ಲೋರೋಫಾರ್ಮ್ ಕರಗುವಷ್ಟು ಕರಗಿಸಿದ 50 ಮಿಲಿಮೋಲಾರ್ ಟ್ರಿಸ್‌ನಲ್ಲಿ (ಪಿಎಚ್ 7.7) 45 ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಕೆಲಸ ಫ್ಯೂಮ್ ಹುಡ್‌ನಲ್ಲಿ. ಪಾಲಿಸ್ಟೈರೀನ್ ಟ್ಯೂಬ್ ಬೇಡ, ಕರಗಿ ಅಂಟಾಗ್ತದೆ. ಆಮೇಲೆ ಎಂಡೋಲೈಸಿನ್ ಹಾಕಿ, ಬಫರಿನಲ್ಲೊಮ್ಮೆ ಸಮುದ್ರದ ನೀರಿನಲ್ಲೊಮ್ಮೆ, ಒಡಿ ಇಳಿಯುವ ವೇಗ ನೋಡಿ. ಇಲ್ಲಿ ಪಿಬಿಎಸ್ (ಫಾಸ್ಫೇಟ್ ಬಫರ್) ಬಳಸಿದರೆ ಕೆಟ್ಟಿತು: ಫಾಸ್ಫೇಟ್ ಸಮುದ್ರದ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಮಬ್ಬು ಕಟ್ಟುತ್ತದೆ, ಇಳಿಯಬೇಕಾದ ಒಡಿ ಏರುತ್ತದೆ. ಸಮುದ್ರದ ನೀರನ್ನು ಆಟೋಕ್ಲೇವ್ ಮಾಡಿದರೂ ಗಸಿ ಕೂರುತ್ತದೆ. 0.22 ಮೈಕ್ರಾನ್ ಫಿಲ್ಟರ್ ಮಾಡಿ. ರಿಫ್ರ್ಯಾಕ್ಟೋಮೀಟರ್ ಓದಿದ್ದನ್ನು ಬಾಟಲಿಯ ಮೇಲೆ ಬರೆದಿಡಿ. ಮಳೆಗಾಲದಲ್ಲಿ ನಮ್ಮ ಅಳಿವೆ ಬಾಯಿಯ ನೀರು ಎಷ್ಟು ಸಪ್ಪೆಯಾಗ್ತದೆ ನಿಮಗೇ ಗೊತ್ತಲ್ಲ, ಜುಲೈ ನೀರಿಗೂ ಮಾರ್ಚ್ ನೀರಿಗೂ ಹೋಲಿಕೆಯೇ ಇಲ್ಲ.

ಪೊರೆ ಕಿತ್ತ ಕೋಶ ಸಮುದ್ರದ ನೀರಿನಲ್ಲೂ ಕರಗಿದರೆ ಕಿಣ್ವ ಸರಿ ಉಂಟು, ಬಾಲ ಸೋತಿದೆ. ನನ್ನ ಅಂದಾಜು ಇದೇ. ಪ್ಲಸ್-ಮೈನಸ್ ಸೆಳೆತ ಎಷ್ಟು ದೂರ ಹೋಗ್ತದೆ ಅಂತ ಲೆಕ್ಕ ಹಾಕಿ: 0.01 ಮೋಲಾರ್ ಅಯಾನು ಬಲದಲ್ಲಿ ಸುಮಾರು 3 ನ್ಯಾನೋಮೀಟರ್, ಸಮುದ್ರದ 0.7 ಮೋಲಾರ್‌ನಲ್ಲಿ 0.36. ಲೈಸಿನ್ ಬಾಲಕ್ಕೆ ಪೊರೆ ಇರುವುದೇ ಗೊತ್ತಾಗುವುದಿಲ್ಲ. ಅದರ ಮೇಲೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಉಂಟು. ಆಸ್ಪತ್ರೆ ಲ್ಯಾಬಿನ ಮುಲ್ಲರ್-ಹಿಂಟನ್ ಬ್ರಾತ್‌ನಲ್ಲಿ ಅದು ಲೀಟರಿಗೆ 10ರಿಂದ 12.5 ಮಿ.ಗ್ರಾಂ. ಅಂದರೆ ನೂರು ಪಟ್ಟು. ಈ ಮೆಗ್ನೀಸಿಯಂ ಪೊರೆಯ ಎಲ್‌ಪಿಎಸ್ (ಕೊಬ್ಬು-ಸಕ್ಕರೆಯ) ಅಣುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ, ನಿಮ್ಮ ಬಾಲ ಕೂರಬೇಕಾದ ಜಾಗದಲ್ಲಿ ತಾನೇ ಕೂತಿರುತ್ತದೆ.

ಉಪ್ಪೋ ಮೆಗ್ನೀಸಿಯಮ್ಮೋ ಅಂತ ತಿಳಿಯಲು ನಾಲ್ಕು ಟ್ಯೂಬ್ ಸಾಕು: ಬರೀ ಹೆಪೆಸ್, ಹೆಪೆಸ್ ಜೊತೆ 500 ಮಿಲಿಮೋಲಾರ್ ಉಪ್ಪು, ಹೆಪೆಸ್ ಜೊತೆ 50 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಮತ್ತು 10 ಕ್ಯಾಲ್ಸಿಯಂ ಕ್ಲೋರೈಡ್, ಕೊನೆಯದರಲ್ಲಿ ಎಲ್ಲವೂ. ಇದನ್ನು ತೆಳು ನೀರಿನಲ್ಲಿ ತಾನೇ ಒಡೆಯುವ ವಿಬ್ರಿಯೊ ಬದಲು ಪೊರೆ ಕೀಳದ ಇ. ಕೋಲೈ ಮೇಲೆ, 30 ನಿಮಿಷ ಮಾಡಿ. ಪಾಲಿಪ್ರೊಪಿಲೀನ್ ಲೋ-ಬೈಂಡ್ ಟ್ಯೂಬೇ ಆಗಲಿ. ಪಾಸಿಟಿವ್ ಪ್ರೋಟೀನ್ ಕಡಿಮೆ ಪ್ರಮಾಣದಲ್ಲಿದ್ದಾಗ ಟ್ಯೂಬಿನ ಗೋಡೆಗೆ ಅಂಟಿ ಮಾಯವಾಗ್ತದೆ.

ಮರುಪ್ರಶ್ನೆ: ಕಂಟ್ರೋಲ್ ಇಟ್ಟಿರಲಿಲ್ಲ ಸರ್, ಇಡ್ತೇವೆ. ಬಾಲದ್ದೇ ತೊಂದರೆ ಅಂತಾದರೆ ಬದಲಿಗೆ ಎಂತ ಹಾಕಬಹುದು? ಡೈಸಲ್ಫೈಡ್ (ಪ್ರೋಟೀನಿನ ಎರಡು ಜಾಗ ಕಟ್ಟುವ ಗಂಧಕದ ಬಂಧ) ಸೇರಿಸಿದರೆ?

ಉತ್ತರ: ಬರೀ ಚಾರ್ಜ್ ನೆಚ್ಚಿಕೊಂಡ ಬಾಲ ಬಿಡಿ, ಕೊಬ್ಬಿನ ಪೊರೆಯೊಳಗೆ ನುಗ್ಗುವ ಬಾಲ ಹಾಕಿ. ಲೈಸಿನ್ ಜಾಗಕ್ಕೆ ಆರ್ಜಿನಿನ್, ತುದಿಯಲ್ಲಿ ಎರಡು ಮೂರು ಟ್ರಿಪ್ಟೊಫ್ಯಾನ್. ಟ್ರಿಪ್ಟೊಫ್ಯಾನ್ ಪೊರೆಯ ಅಂಚಿನಲ್ಲಿ ಲಂಗರು ಹಾಕುವುದಕ್ಕೆ ಉಪ್ಪಿನ ಅಡ್ಡಿ ಕಡಿಮೆ. ಮಾದರಿ ಬೇಕಾದರೆ ಹಾರ್ಸ್‌ಶೂ ಏಡಿಯ ಟ್ಯಾಕಿಪ್ಲೆಸಿನ್ ಎಂಬ ಸೂಕ್ಷ್ಮಜೀವಿ ಕೊಲ್ಲುವ ಪೆಪ್ಟೈಡ್ ನೋಡಿ: 17 ಅಮೈನೋ ಆಮ್ಲ, 2 ಡೈಸಲ್ಫೈಡ್, ಸಮುದ್ರದ ಪ್ರಾಣಿಯದ್ದು. ಆದರೆ ಎಣ್ಣೆ ಗುಣ ಅತಿಯಾದರೆ ಉಪ್ಪಿನಲ್ಲಿ ಗಂಟುಗಟ್ಟುತ್ತದೆ, ಸಿಗಡಿಯ ರಕ್ತಕೋಶವನ್ನೂ ಒಡೆಯುತ್ತದೆ. ಪ್ರತಿ ರೂಪಕ್ಕೂ ಆ ಪರೀಕ್ಷೆ ಬೇಕು.

ನೆಗೆಟಿವ್ ಚಾರ್ಜ್ ಸೇರಿಸುವ ಸಲಹೆ ಪೂರ್ತಿ ದಂಡ ಅಲ್ಲ. ಗಂಟುಗಟ್ಟುವ ತೊಂದರೆ ಬಂದರೆ ಕಿಣ್ವ ಭಾಗದ ಬೆನ್ನಿನ ಕಡೆ, ಕ್ರಿಯಾ ಸೀಳಿನಿಂದ ದೂರ, ಒಂದು ಸಲಕ್ಕೆ 3-4 ಬದಲಾವಣೆ ಮಾಡಿ ನೋಡಬಹುದು.

ಡೈಸಲ್ಫೈಡ್ ಶಾಖಕ್ಕೆ ಮದ್ದು, ಉಪ್ಪಿಗಲ್ಲ. ಜಾಗವೂ ಮುಖ್ಯ. 1989ರಲ್ಲಿ ಟಿ4 ಎಂಬ ಫೇಜಿನ ಲೈಸೋಜೈಮ್‌ಗೆ ಮೂರು ಡೈಸಲ್ಫೈಡ್ ಹಾಕಿ ಕರಗುವ ಉಷ್ಣತೆಯನ್ನು 23.4 ಡಿಗ್ರಿ ಏರಿಸಿದ್ದರು. ಅದರಲ್ಲಿ 21 ಮತ್ತು 142ನೇ ಅಮೈನೋ ಆಮ್ಲಗಳ ನಡುವಿನ ಬಂಧ ಕ್ರಿಯಾ ಸೀಳಿಗೆ ಅಡ್ಡ ಕೂತಿತ್ತು. ಬಂಧ ಕೂಡಿದಾಗ ಕಿಣ್ವ ಬಂದ್, ಬಿಚ್ಚಿದರೆ ಚಾಲೂ. ಮಾಡುವುದೇ ಆದರೆ ಮಾಮೂಲಿ ಬಿಎಲ್21 ಇ. ಕೋಲೈ ಬೇಡ, ಕೋಶದೊಳಗೇ ಡೈಸಲ್ಫೈಡ್ ಕೂಡಿಸುವ ಶಫಲ್ ತಳಿಯಲ್ಲಿ 16 ಡಿಗ್ರಿಗೆ, 0.1 ಮಿಲಿಮೋಲಾರ್ ಐಪಿಟಿಜಿಯಲ್ಲಿ (ಪ್ರೋಟೀನ್ ತಯಾರಿಗೆ ಚಾಲನೆ ಕೊಡುವ ರಾಸಾಯನಿಕ) ರಾತ್ರಿಯಿಡೀ ಬೆಳೆಸಿ.

ಇನ್ನೊಬ್ಬರು (ಕುಂದಾಪುರ, ಸಿಗಡಿ ಕೃಷಿ): ಇದನ್ನು ನೇರ ಕೆರೆಗೆ ಹಾಕುವ ಹಾಗೆ ಆಗ್ತದಾ ಮಾರಾಯ್ರೆ?

ಉತ್ತರ: ಇಲ್ಲ. 1 ಎಕರೆ, 1.2 ಮೀಟರ್ ಆಳ ಅಂದರೆ ಸುಮಾರು 48.5 ಲಕ್ಷ ಲೀಟರ್ ನೀರು. ಲೀಟರಿಗೆ 10 ಮಿ.ಗ್ರಾಂ ಹಾಕಿದರೂ 48 ಕಿಲೋ ಶುದ್ಧ ಪ್ರೋಟೀನ್. ಆಗುಹೋಗುವ ಮಾತಲ್ಲ. ಮೇವಿನಲ್ಲಿ ಕೊಟ್ಟರೆ ಸಿಗಡಿಯ ಹೊಟ್ಟೆಯ ಟ್ರಿಪ್ಸಿನ್ ಲೈಸಿನ್ ಬಾಲವನ್ನೇ ಮೊದಲು ತುಂಡರಿಸ್ತದೆ.

ಲೆಕ್ಕಕ್ಕೆ ಸಿಗುವ ಜಾಗ ಹ್ಯಾಚರಿಯಲ್ಲಿ ಆರ್ಟೀಮಿಯಾ (ಸಿಗಡಿ ಮರಿಗಳಿಗೆ ಮೇವಾಗುವ ಪುಟ್ಟ ಜೀವಿ) ತೊಳೆಯುವ ಬಕೆಟ್. ವಿಬ್ರಿಯೊ ಮರಿಗಳಿಗೆ ದಾಟುವ ದಾರಿಗಳಲ್ಲಿ ಅದೂ ಒಂದು. 20 ಲೀಟರಿಗೆ ಅದೇ ಪ್ರಮಾಣದಲ್ಲಿ 200 ಮಿ.ಗ್ರಾಂ ಸಾಕು, ಕೆಲವು ಲೀಟರ್ ಕಲ್ಚರಿನಲ್ಲಿ ಸಿಗುವಷ್ಟು. ಆರ್ಟೀಮಿಯಾ ಮರಿ ಸ್ವಲ್ಪ ಹೊತ್ತು ಸಿಹಿನೀರನ್ನು ತಡೆದುಕೊಳ್ತದೆ, ವಿಬ್ರಿಯೊ ತಡೆಯುವುದಿಲ್ಲ. ಹಾಗಾಗಿ ಉಡುಪಿಯವರೇ, ಹೊಸ ಬಾಲ ಕಟ್ಟುವ ಮೊದಲು ಸಿಹಿನೀರಿನ ಬಕೆಟ್ಟಿನಲ್ಲಿ ಈಗಿರುವ ಬಾಲವನ್ನೇ 15 ನಿಮಿಷ ಪರೀಕ್ಷಿಸಿ. ಪಕ್ಕದಲ್ಲಿ ಪ್ರೋಟೀನ್ ಇಲ್ಲದ ಬಕೆಟ್ ಒಂದು ಇರಲಿ. ಎರಡರ ಎಣಿಕೆಯೂ ಒಂದೇ ಬಂದರೆ ಹ್ಯಾಚರಿಯವರಿಗೆ ಬರೀ ಸಿಹಿನೀರು ಸಾಕು.