ಸಹಾಯ ಬೇಕು: ದಪ್ಪ ತೊಡೆಯವರು ದೂರದ ಸೈಕಲ್ ಸವಾರಿಗೆ ಹೇಗೆ ತಯಾರಾದಿರಿ?

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಎತ್ತರ 5 ಅಡಿ 9 ಇಂಚು, ತೂಕ 84 ಕೆಜಿ. ಕಾಲೇಜಿನಲ್ಲಿ ಕಬಡ್ಡಿ ಆಡಿದವನು, ತೊಡೆ ಆಗಿನಿಂದಲೂ ದಪ್ಪ.

ಸಪಾಟು ರಸ್ತೆಯ ಕೊನೆಯ 300 ಮೀಟರ್‌ನಲ್ಲಿ ಜೊತೆಯವರು ಯಾರೂ ನನ್ನನ್ನು ಹಿಡಿಯಲ್ಲ. ನಂದಿ ಬೆಟ್ಟದ ಏರು ಶುರುವಾದರೆ 62 ಕೆಜಿಯ ಗೆಳೆಯ ಮೊದಲ ತಿರುವುಗಳಲ್ಲೇ ಕಣ್ಮರೆ. 20 ನಿಮಿಷಕ್ಕೆ ಪವರ್ ಮೀಟರ್ (ಪೆಡಲ್ ತುಳಿಯುವ ಶಕ್ತಿ ಅಳೆಯುವ ಸಾಧನ) ತೋರಿಸಿದ್ದು ನನ್ನದು 250 ವ್ಯಾಟ್, ಅವನದು 220. ತೂಕದಿಂದ ಭಾಗಿಸಿದರೆ ನನ್ನದು ಕೆಜಿಗೆ 3ರ ಹತ್ತಿರ, ಅವನದು 3.5. ಆ ಲೆಕ್ಕ ಅರ್ಥವಾಯ್ತು.

ತಲೆ ಕೆಡಿಸಿರೋದು ಸ್ನಾಯುವಿನ ವಿಷಯ. ನಿಧಾನ ಎಳೆಗಳು ಆಮ್ಲಜನಕ ಬಳಸಿಕೊಂಡು ಗಂಟೆಗಟ್ಟಲೆ ದುಡಿಯುತ್ತವೆ, ವೇಗದ ಎಳೆಗಳು ಜೋರು ಕೊಟ್ಟು ಬೇಗ ದಣಿಯುತ್ತವೆ. ಯಾವುದು ಎಷ್ಟಿದೆ ಅನ್ನೋದರಲ್ಲಿ ಹುಟ್ಟಿನ ಪಾಲು ದೊಡ್ಡದು. ಆದರೂ ವೇಗದ ಎಳೆಗಳಲ್ಲೇ ಒಂದು ಬಗೆ ತರಬೇತಿಯಿಂದ ತಾಳಿಕೆ ಕಲಿಯುತ್ತದೆ. ಸುಮಾರು 80 ಕೆಜಿಯ ಮಿಗೆಲ್ ಇಂದುರೈನ್ 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಓದಿದ ಮೇಲೆ ಆಸೆ ಚಿಗುರಿದೆ (ಅವರು ನನಗಿಂತ ತುಂಬಾ ಎತ್ತರ, ಅದು ನಿಜ).

ಡಿಸೆಂಬರ್‌ನಲ್ಲಿ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ), ಮಿತಿ 13 ಗಂಟೆ 30 ನಿಮಿಷ. 120 ಕಿ.ಮೀ. ದಾಟಿದರೆ ತೊಡೆ ಕಲ್ಲಾಗುತ್ತೆ. ಪೆಡಲ್ ನಿಮಿಷಕ್ಕೆ 70 ಸುತ್ತು, ಭಾರದ ಗೇರಿನಲ್ಲೇ ಅಭ್ಯಾಸ. ನನ್ನಂಥ ಮೈಕಟ್ಟಿನವರು ಮೊದಲು ಏನು ಬದಲಿಸಿದಿರಿ: ತೂಕವಾ, ಗೇರಾ, ವಾರದ ಉದ್ದ ಸವಾರಿಯಾ? ಜಿಮ್‌ನ ಸ್ಕ್ವಾಟ್ ಬಿಡಬೇಕಾ? ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.